ಒಡೆದ ಸೂಟ್‌ಕೇಸ್: ಏರ್‌ಪೋರ್ಟ್‌ನಲ್ಲಿ ದೂರು ಕೊಡದಿದ್ದರೂ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ದುಬೈನಿಂದ ಮಂಗಳೂರಿಗೆ ಬಂದು ನಾಲ್ಕು ದಿನವಾಯಿತು. ಮನೆಯಲ್ಲಿ ನೋಡಿದರೆ ಸೂಟ್‌ಕೇಸ್‌ನ ಚಕ್ರ ಕಿತ್ತುಹೋಗಿದೆ, ಮೂಲೆ ಬಿರುಕು ಬಿಟ್ಟಿದೆ, ಒಳಗಿದ್ದ ಮಿಕ್ಸಿ ಜಾರ್ ಒಡೆದಿದೆ. ಏರ್‌ಲೈನ್‌ಗೆ ಫೋನ್ ಮಾಡಿದರೆ, ‘ಏರ್‌ಪೋರ್ಟ್‌ನಿಂದ ಹೊರಗೆ ಹೋದ ಮೇಲೆ ದೂರು ತಗೊಳ್ಳಲ್ಲ, ಚಕ್ರಕ್ಕೆ ನಾವು ಹೊಣೆಯಲ್ಲ’ ಎಂದರು. ಮುಂದೇನು?
– ಓದುಗರು, ಉಡುಪಿ

ಉತ್ತರ: ಇವತ್ತೇ ಇಮೇಲ್ ಕಳಿಸಿ. ಭಾರತ, ಯುಎಇ ಎರಡೂ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಕೈಗೆ ಬಂದ ಏಳು ದಿನದೊಳಗೆ ಬರವಣಿಗೆಯಲ್ಲಿ ದೂರು ಹೋಗಿರಬೇಕು. ಭಾನುವಾರ, ಹಬ್ಬದ ರಜೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಫೋನಿನಲ್ಲಿ ಹೇಳಿದ್ದು ದೂರಲ್ಲ. ಈ ಗಡುವು ತಪ್ಪಿದರೆ ಮುಂದೆ ಕೋರ್ಟಿಗೆ ಹೋದರೂ ಕೇಸು ನಿಲ್ಲುವುದಿಲ್ಲ, ಹಾಗಾಗಿ ಬಿಲ್ಲು ಹುಡುಕುತ್ತಾ ಕೂರಬೇಡಿ. ಮೊದಲು ದೂರು, ಆಮೇಲೆ ದಾಖಲೆ.

ಇಮೇಲ್‌ನಲ್ಲಿ ಪಿಎನ್‌ಆರ್, ವಿಮಾನದ ಸಂಖ್ಯೆ, ಬ್ಯಾಗ್ ಪಡೆದ ದಿನಾಂಕ ಮತ್ತು ಚೆಕ್‌ಇನ್‌ನಲ್ಲಿ ಕೊಟ್ಟ ಚೀಟಿಯಲ್ಲಿರುವ ಹತ್ತಂಕಿಯ ಟ್ಯಾಗ್ ಸಂಖ್ಯೆ ಬರೆಯಿರಿ. ಯಾವುದು ಎಲ್ಲಿ ಒಡೆದಿದೆ, ಎಷ್ಟು ಪರಿಹಾರ ಬೇಕು ಎಂಬುದನ್ನೂ ಹೇಳಿ. ಹಿಡಿಕೆಗೆ ಸುತ್ತಿದ ಟ್ಯಾಗ್ ಇನ್ನೂ ಇದ್ದರೆ ಕತ್ತರಿಸಬೇಡಿ. ಟ್ಯಾಗ್ ಮತ್ತು ಬಿರುಕು ಒಂದೇ ಫೋಟೋದಲ್ಲಿ ಕಾಣಬೇಕು. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಬರುವ ಬೆಲ್ಟ್‌ನ ಪಕ್ಕದಲ್ಲೇ ದೂರು ಕೊಟ್ಟು ‘ಪಿಐಆರ್’ (ಬ್ಯಾಗ್ ಹಾನಿಯನ್ನು ಏರ್‌ಲೈನ್ ದಾಖಲಿಸುವ) ವರದಿ ಪಡೆದಿದ್ದರೆ ಕೆಲಸ ಹಗುರವಾಗುತ್ತಿತ್ತು. ಈಗ ಏರ್‌ಲೈನ್, ‘ಟ್ಯಾಕ್ಸಿಯಲ್ಲಿ ಒಡೆದಿರಬಹುದು’ ಎಂದು ವಾದಿಸುತ್ತದೆ. ಅದಕ್ಕೆ ಉತ್ತರ ಆ ಫೋಟೋಗಳೇ.

ಚಕ್ರದ ಮಾತು ಪೂರ್ತಿ ಸರಿಯಲ್ಲ. ಬ್ಯಾಗ್‌ನಲ್ಲೇ ಮೊದಲಿನಿಂದ ದೋಷವಿದ್ದು ಹಾಳಾದರೆ ಮಾತ್ರ ಅಷ್ಟರ ಮಟ್ಟಿಗೆ ಏರ್‌ಲೈನ್ ಹೊಣೆಯಲ್ಲ ಎನ್ನುತ್ತದೆ ಒಪ್ಪಂದದ 17ನೇ ವಿಧಿ. ಒಪ್ಪಂದ ಹೊರಿಸಿದ ಹೊಣೆಯಿಂದ ನುಣುಚಿಕೊಳ್ಳಲು ಟಿಕೆಟ್‌ನಲ್ಲಿ ಷರತ್ತು ಹಾಕಿಕೊಂಡರೂ ಅದು ಅಸಿಂಧು ಎಂದು 26ನೇ ವಿಧಿ ಹೇಳುತ್ತದೆ. ಇಮೇಲ್‌ನಲ್ಲಿ 17 ಮತ್ತು 26ನೇ ವಿಧಿಗಳನ್ನು ಹೆಸರಿಸಿ. ಆದರೆ ಗೀರು, ಕಲೆ, ಸವಕಳಿಗೆಲ್ಲ ಹಣ ನಿರೀಕ್ಷಿಸಬೇಡಿ. ಜಾರ್‌ನ ವಿಷಯದಲ್ಲೂ ಪ್ಯಾಕಿಂಗ್ ಸರಿಯಿರಲಿಲ್ಲ ಎಂಬ ತಕರಾರು ಬರಬಹುದು.

ದುರಸ್ತಿ ಅಂಗಡಿಗೆ ಹೋಗಿ ಖರ್ಚಿನ ಅಂದಾಜು ಬರೆಸಿಕೊಳ್ಳಿ. ಸರಿಯಾಗದು ಎಂದರೆ ಅದನ್ನೇ ಲೆಟರ್‌ಹೆಡ್‌ನಲ್ಲಿ ಬರೆಸಿ. ಇತ್ಯರ್ಥವಾಗುವವರೆಗೆ ಒಡೆದ ಬ್ಯಾಗ್ ಎಸೆಯಬೇಡಿ.

2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ ಗರಿಷ್ಠ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಇದು ಬ್ಯಾಗ್ ಒಂದಕ್ಕೆ ಇಷ್ಟು ಎಂಬ ಲೆಕ್ಕವಲ್ಲ, ತಾನಾಗಿ ಸಿಗುವ ಮೊತ್ತವೂ ಅಲ್ಲ. ಆದ ನಷ್ಟವನ್ನು ತೋರಿಸಬೇಕು, ಹಳೆಯ ಬ್ಯಾಗ್‌ಗೆ ಸವಕಳಿ ಕಳೆಯುತ್ತಾರೆ. (ದೇಶದೊಳಗಿನ ವಿಮಾನವಾದರೆ ಮಿತಿ 20,000 ರೂಪಾಯಿ.)

ಉತ್ತರ ಬರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ಅದೂ ಫಲಿಸದಿದ್ದರೆ ನೀವಿರುವ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು, ವಕೀಲರು ಕಡ್ಡಾಯವಲ್ಲ. ಅದಕ್ಕೆ ಎರಡು ವರ್ಷದ ಕಾಲಮಿತಿಯಿದೆ. ನಡುವೆ ಏರ್‌ಲೈನ್ ಸಣ್ಣ ಮೊತ್ತವನ್ನೋ ವೋಚರನ್ನೋ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಸಾಲು ಅದರಲ್ಲಿದ್ದರೆ ಉಳಿದ ಹಣ ಕೇಳುವುದು ಕಷ್ಟ.