ದಿನಾ 130 ಕಿ.ಮೀ. ಹೆದ್ದಾರಿ ಓಡಾಟ: ಎಳೆಯುವ ಕಾರು, ಕುಡಿಯದ ಕಾರು

ಪ್ರಶ್ನೆ: ನನ್ನ ಹತ್ತಿರ ಹನ್ನೊಂದು ವರ್ಷ ಹಳೆಯ, 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಊರೊಳಗಿನ ಓಡಾಟಕ್ಕೆ ಒಂದು ತಕರಾರೂ ಇರಲಿಲ್ಲ. ಈಗ ಕೆಲಸದ ಜಾಗ ಬದಲಾಗಿ, ದಿನಾ ಹೋಗಿ ಬರುವುದೆಂದರೆ 130 ಕಿ.ಮೀ. ಆಗಿದೆ, ಬಹುಪಾಲು ಹೆದ್ದಾರಿಯೇ. ನೂರು ದಾಟಿದರೆ ಎಂಜಿನ್ ಅರಚುತ್ತದೆ, ಲಾರಿ ಹಿಂದಿಕ್ಕಲು ಧೈರ್ಯ ಬರುವುದಿಲ್ಲ, ಏರು ಬಂದರೆ ಗೇರ್ ಇಳಿಸದೆ ಗತಿಯಿಲ್ಲ. ಸ್ವಲ್ಪ ಹೊಸದಾದ, ಹೆಚ್ಚು ಪವರ್ ಇರುವ ಕಾರು ಬೇಕು. ಆದರೆ ಇಂಧನದ ಖರ್ಚು ಈಗಿನದಕ್ಕಿಂತ ಏರಬಾರದು. ಟರ್ಬೊ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಪವರ್, ಮೈಲೇಜ್ ಎರಡೂ ಒಟ್ಟಿಗೆ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ನೀವು ಪವರ್ ಎನ್ನುತ್ತಿರುವುದು ಯಾವುದಕ್ಕೆ ಅನ್ನುವುದನ್ನು ಮೊದಲು ನೋಡೋಣ, ಏಕೆಂದರೆ ಶೋರೂಮಿನಲ್ಲಿ ಆ ಹೆಸರಿನಲ್ಲಿ ಬೇರೆಯದೇ ಏನನ್ನೋ ಮಾರುತ್ತಾರೆ.

ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಉಳಿಸಿಕೊಳ್ಳಲು ಚಕ್ರಕ್ಕೆ ಸುಮಾರು 16 ಅಶ್ವಶಕ್ತಿ ಸಾಕು. 120ಕ್ಕೆ ಸುಮಾರು 25. ನಿಮ್ಮ ಹಳೆಯ ಕಾರಿನಲ್ಲೇ 80ರ ಆಸುಪಾಸು ಇರುತ್ತದೆ. ಹಾಗಾದರೆ ಅದು ಏದುಸಿರು ಬಿಡುವುದೇಕೆ? ಆ 80 ಕುದುರೆಗಳೂ ಹೊರಗೆ ಬರುವುದು ಎಂಜಿನ್ ನಿಮಿಷಕ್ಕೆ 6,000 ಸುತ್ತಿನ ಹತ್ತಿರ ತಿರುಗುವಾಗ. ನೀವು ಐದನೇ ಗೇರಿನಲ್ಲಿ 3,000 ಚಿಲ್ಲರೆ ಸುತ್ತಿನಲ್ಲಿ ಹೋಗುತ್ತಿರುವಾಗ ಅದರ ಅರ್ಧದಷ್ಟೂ ಕೈಗೆ ಸಿಗುವುದು ಕಷ್ಟ.

ಲಾರಿ ಹಿಂದಿಕ್ಕುವ ಲೆಕ್ಕವನ್ನೇ ತೆಗೆದುಕೊಳ್ಳಿ. ಜನರೂ ಸೇರಿ 1,350 ಕೆ.ಜಿ. ತೂಗುವ ಕಾರು 80ರಿಂದ 120ಕ್ಕೆ 12 ಸೆಕೆಂಡಿನಲ್ಲಿ ಏರಬೇಕಾದರೆ, ಅಷ್ಟು ಹೊತ್ತೂ ಚಕ್ರಕ್ಕೆ ಸರಾಸರಿ 65 ಅಶ್ವಶಕ್ತಿ ಮುಟ್ಟಬೇಕು. 8 ಸೆಕೆಂಡಿನಲ್ಲಿ ಆಗಬೇಕೆಂದರೆ 90ರ ಹತ್ತಿರ. ಗಮನಿಸಿ, ಇದು ಸರಾಸರಿ. ಕ್ಯಾಟಲಾಗಿನಲ್ಲಿ ಬರೆದಿರುವ ಗರಿಷ್ಠ ಅಂಕಿ ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು, ಅಥವಾ ಆ ಶಕ್ತಿ ಕಡಿಮೆ ಸುತ್ತಿನಲ್ಲೇ ಸಿಗುವಂತಿರಬೇಕು. ನನ್ನ ಅಂದಾಜಿನಲ್ಲಿ 105ರಿಂದ 130 ಅಶ್ವಶಕ್ತಿಯ ಕಾರು ನಿಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು. 180 ತೆಗೆದುಕೊಂಡರೆ ಖುಷಿ ಇದೆ, ಅಗತ್ಯ ಇಲ್ಲ.

ಅದಕ್ಕಿಂತ ಮುಖ್ಯವಾದ ಸಾಲು ಕ್ಯಾಟಲಾಗಿನಲ್ಲಿ ಅಶ್ವಶಕ್ತಿಯ ಕೆಳಗಿರುತ್ತದೆ: ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ ಎಷ್ಟು, ಎಷ್ಟು ಸುತ್ತಿನಲ್ಲಿ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ 1.2 ಪೆಟ್ರೋಲ್ ಎಂಜಿನ್ 110 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತದೆ, ಅದೂ 4,000 ಸುತ್ತು ದಾಟಿದ ಮೇಲೆ. 1.0 ಲೀಟರ್ ಟರ್ಬೊ ಪೆಟ್ರೋಲ್ 170ರಷ್ಟನ್ನು 2,000 ಸುತ್ತಿನೊಳಗೇ ಕೊಡುತ್ತದೆ. 1.5 ಲೀಟರ್ ಡೀಸೆಲ್ಲಿನಲ್ಲಿ 250ರವರೆಗೂ ಉಂಟು. ಗೇರ್ ಇಳಿಸದೆ ಏರು ಹತ್ತುವುದು, ಕಾಲಿಟ್ಟ ಕೂಡಲೇ ಮುಂದಕ್ಕೆ ನುಗ್ಗುವುದು ಅಂದರೆ ಇದೇ. ಜೊತೆಗೆ ಟಾಪ್ ಗೇರಿನಲ್ಲಿ 100ಕ್ಕೆ ಎಷ್ಟು ಸುತ್ತು ಎಂದು ನೋಡಿ. 2,000ದಿಂದ 2,300ರೊಳಗೆ ಇದ್ದರೆ ಸದ್ದೂ ಕಡಿಮೆ, ಕುಡಿಯುವುದೂ ಕಡಿಮೆ. ಟಾರ್ಕ್ ಇಲ್ಲದ ಎಂಜಿನ್ನಿಗೆ ಆರನೇ ಗೇರ್ ಕೊಟ್ಟು ಪ್ರಯೋಜನವಿಲ್ಲ. ಸಣ್ಣ ಏರಿಗೂ ಮತ್ತೆ ಐದಕ್ಕೆ ಬರುತ್ತೀರಿ.

ಇನ್ನು ಯಾವ ಇಂಧನ? ತಿಂಗಳಿಗೆ 22 ದಿನ ಹಿಡಿದರೆ ನಿಮ್ಮದು ವರ್ಷಕ್ಕೆ 34,000 ಕಿ.ಮೀ. ಮೇಲಾಗುತ್ತದೆ. ಇಷ್ಟು ಓಡುವವರಿಗೆ, ಅದೂ ಹೆದ್ದಾರಿಯಲ್ಲೇ ಓಡುವವರಿಗೆ, ಡೀಸೆಲ್ ಇನ್ನೂ ಹಳತಾಗಿಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇರುತ್ತದೆ, ಎಂಜಿನ್ ಅದನ್ನು ಬಳಸುವುದರಲ್ಲೂ ಜಾಣ. ಹೊಸ ಡೀಸೆಲ್ ಕಾರುಗಳ ತಲೆನೋವು ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್. ಅದರೊಳಗಿನ ಮಸಿ ಸುಡಲು ಹೊಗೆ ಸುಮಾರು 600 ಡಿಗ್ರಿಗೆ ಕಾಯಬೇಕು. ಮೂರು ನಾಲ್ಕು ಕಿ.ಮೀ. ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ನಿಮಗೆ ಆ ಚಿಂತೆ ಬಹುಮಟ್ಟಿಗೆ ಇಲ್ಲ, ದಿನಾ ಮುಕ್ಕಾಲು ಗಂಟೆಯ ಓಟ ಸಿಗುತ್ತದೆ. ಡೀಸೆಲ್ ಕಾರಿಗೆ ವಯಸ್ಸಿನ ಮಿತಿ ಅಥವಾ ನಗರ ಪ್ರವೇಶಕ್ಕೆ ನಿರ್ಬಂಧ ಇರುವ ಕಡೆ ನೀವಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅದನ್ನು ಮೊದಲೇ ವಿಚಾರಿಸಿ.

ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಇರುವ ಹೈಬ್ರಿಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಮೈಲೇಜಿನ ರಾಜ ಎನ್ನಿಸಿಕೊಂಡಿದ್ದು ಊರೊಳಗೆ, ಬ್ರೇಕ್ ಹಾಕಿದಾಗಲೆಲ್ಲ ಬ್ಯಾಟರಿಗೆ ಶಕ್ತಿ ತುಂಬಿಕೊಳ್ಳುವುದರಿಂದ. ಹೆದ್ದಾರಿಯಲ್ಲಿ ಒಂದೇ ಸಮನೆ ಹೋಗುವಾಗ ಬ್ರೇಕೇ ಇಲ್ಲ, ತುಂಬಿಕೊಳ್ಳುವುದಾದರೂ ಏನನ್ನು? ಹಾಗಂತ ತಳ್ಳಿಹಾಕಬೇಡಿ. 1997ರಲ್ಲಿ ಟೊಯೊಟಾ ಪ್ರಿಯಸ್ ಬಂದ ಕಾಲದಿಂದಲೂ ಇಂಥ ಕಾರುಗಳ ಪೆಟ್ರೋಲ್ ಎಂಜಿನ್ ಅಟ್ಕಿನ್‌ಸನ್ ಬಗೆಯದು, ಮಾಮೂಲಿ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಪೋಲು ಮಾಡುವಂಥದ್ದು. ಹೋಂಡಾದ ಇತ್ತೀಚಿನ ಹೈಬ್ರಿಡ್‌ಗಳಲ್ಲಿ ಹೆದ್ದಾರಿ ವೇಗಕ್ಕೆ ಬಂದಾಗ ಒಂದು ಕ್ಲಚ್ ಎಂಜಿನ್ನನ್ನು ನೇರವಾಗಿ ಚಕ್ರಕ್ಕೇ ಜೋಡಿಸುತ್ತದೆ. ನಿಮ್ಮ ದಾರಿಯ ಕೊನೆಯಲ್ಲಿ ಅರ್ಧ ಗಂಟೆ ತೆವಳುವ ಟ್ರಾಫಿಕ್ ಇದ್ದರೆ ಹೈಬ್ರಿಡ್ ಗೆಲ್ಲುತ್ತದೆ. ‘ಮೈಲ್ಡ್ ಹೈಬ್ರಿಡ್’ (ಸಣ್ಣ ಮೋಟರ್ ಎಂಜಿನ್ನಿಗೆ ಒಂದಿಷ್ಟು ನೆರವಾಗುವುದಷ್ಟೇ) ಎಂಬ ಸ್ಟಿಕ್ಕರ್ ಕಂಡರೆ ಮಾತ್ರ ಮರುಳಾಗಬೇಡಿ, ಹೆದ್ದಾರಿಯಲ್ಲಿ ಅದರಿಂದ ಆಗುವ ಉಳಿತಾಯ ತೀರಾ ಸ್ವಲ್ಪ.

ಸಣ್ಣ ಟರ್ಬೊ ಪೆಟ್ರೋಲ್ ಓಡಿಸಲು ಸೊಗಸು. ಆದರೆ ಅದರದ್ದು ಎರಡು ಮುಖ. ಮೆಲ್ಲಗೆ ಕಾಲಿಟ್ಟು 95ರಲ್ಲಿ ಹೋದರೆ ಸಣ್ಣ ಎಂಜಿನ್ನಿನ ಮೈಲೇಜ್. 125ರಲ್ಲಿ ಒತ್ತಿ ಹಿಡಿದರೆ ಟರ್ಬೊ ಸದಾ ದುಡಿಯುತ್ತಿರುತ್ತದೆ, ಕುಡಿತವೂ ದೊಡ್ಡ ಎಂಜಿನ್ನಿನದೇ. ನೀವು ನೂರಿಪ್ಪತ್ತರ ಆಸುಪಾಸಿನವರಾದರೆ 1.0ಗಿಂತ 1.5 ಲೀಟರಿನ ಟರ್ಬೊ ನಿಮಗೆ ಹೊಂದೀತು.

ಮನೆಯಲ್ಲೇ ರಾತ್ರಿ ಚಾರ್ಜ್ ಮಾಡುವ ಅನುಕೂಲ ಇದ್ದರೆ ಇವೆಲ್ಲವನ್ನೂ ಪಕ್ಕಕ್ಕಿಟ್ಟು ಎಲೆಕ್ಟ್ರಿಕ್ ಕಾರು ಓಡಿಸಿ ನೋಡಿ. ಎಳೆತ ಸೊನ್ನೆ ಸುತ್ತಿನಿಂದಲೇ ಸಿಗುತ್ತದೆ, ದಿನಕ್ಕೆ 130 ಕಿ.ಮೀ. ಇಂದಿನ ಬಹುತೇಕ ಎಲೆಕ್ಟ್ರಿಕ್ ಕಾರುಗಳಿಗೆ ದೊಡ್ಡ ದೂರವಲ್ಲ. ಹೆದ್ದಾರಿ ವೇಗದಲ್ಲಿ ಅದರ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಹೋಗುವ ದೂರ, ಕಂಪನಿ ಹೇಳಿದ್ದಕ್ಕಿಂತ ಸಾಕಷ್ಟು ಇಳಿಯುತ್ತದೆ, ಹಾಗಾಗಿ ಅಗತ್ಯದ ಎರಡರಷ್ಟು ರೇಂಜ್ ಇರುವುದನ್ನು ಆರಿಸಿ.

ಎಂಜಿನ್ ವಿಚಾರಕ್ಕೆ ಎಲ್ಲರೂ ಜಗಳವಾಡುತ್ತಾರೆ, ಕಾರಿನ ಆಕಾರದ ಬಗ್ಗೆ ಯಾರೂ ಕೇಳುವುದಿಲ್ಲ. ನೂರರ ವೇಗದಲ್ಲಿ ನಿಮ್ಮ ಕಾರು ಎದುರಿಸುವ ತಡೆಯಲ್ಲಿ ಸುಮಾರು ಶೇ. 70 ಬರೀ ಗಾಳಿಯದು. ಆ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. 120ರಲ್ಲಿ ಹ್ಯಾಚ್‌ಬ್ಯಾಕಿಗೆ 25 ಅಶ್ವಶಕ್ತಿ ಸಾಕು ಅಂದೆನಲ್ಲ, ಎತ್ತರದ ಎಸ್‌ಯುವಿಗೆ 34ರಷ್ಟು ಬೇಕು. ಬಾನೆಟ್ಟಿನ ಕೆಳಗೆ ಎಷ್ಟೇ ಮಿತವ್ಯಯದ ಎಂಜಿನ್ ಇಟ್ಟರೂ ಆ ಮೂರನೇ ಒಂದು ಭಾಗ ನಿತ್ಯದ ದಂಡ. ನನ್ನನ್ನು ಕೇಳಿದರೆ ಹೆದ್ದಾರಿಗೆ ಸೆಡಾನ್ ಅಥವಾ ತಗ್ಗಾದ ಹ್ಯಾಚ್‌ಬ್ಯಾಕ್. ಇಂದು ಎಲ್ಲರ ಕಣ್ಣೂ ಎಸ್‌ಯುವಿ ಮೇಲಿರುವುದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಸೆಡಾನ್ ಮೇಲೆ ಚೌಕಾಶಿ ಮಾಡುವುದೂ ಸುಲಭ.

ವೇಗದ ಲೆಕ್ಕವನ್ನೂ ಒಮ್ಮೆ ಹಾಕಿ. 65 ಕಿ.ಮೀ. ದಾರಿಯನ್ನು 100ರ ಬದಲು 120ರಲ್ಲಿ ಹೋದರೆ ಉಳಿಯುವುದು ಆರೂವರೆ ನಿಮಿಷ. ಆ ದಾರಿ ಮುಗಿಸಲು ಚಕ್ರಕ್ಕೆ ಬೇಕಾಗುವ ಒಟ್ಟು ಶಕ್ತಿ ಮಾತ್ರ ಶೇ. 30ರಷ್ಟು ಹೆಚ್ಚು.

ಮೈಲೇಜಿನ ಅಂಕಿಗಳಲ್ಲಿ ಇನ್ನೊಂದು ಮೋಸ ಅಡಗಿದೆ, ಅದು ಕಂಪನಿಯದಲ್ಲ, ಗಣಿತದ್ದು. ನಿಮ್ಮ ವರ್ಷದ ಓಟಕ್ಕೆ ಲೀಟರಿಗೆ 16 ಕೊಡುವ ಕಾರು ಸುಮಾರು 2,145 ಲೀಟರ್ ಕುಡಿಯುತ್ತದೆ, 20 ಕೊಡುವುದು 1,716, 24 ಕೊಡುವುದು 1,430. ಎರಡು ಜಿಗಿತವೂ ನಾಲ್ಕು ಕಿ.ಮೀ.ಯದೇ. ಆದರೆ ಮೊದಲನೆಯದರಿಂದ 429 ಲೀಟರ್ ಉಳಿದರೆ ಎರಡನೆಯದರಿಂದ 286 ಮಾತ್ರ. ಹಾಗಾಗಿ 22 ಕೊಡುವ ಕಾರು ಬಿಟ್ಟು 24 ಕೊಡುವುದಕ್ಕಾಗಿ ಹೆಚ್ಚು ದುಡ್ಡು ಸುರಿಯುವ ಮೊದಲು ಲೀಟರ್ ಲೆಕ್ಕ ಹಾಕಿ. ಕಂಪನಿಯ ಪರೀಕ್ಷಾ ಅಂಕಿ ನೋಡುವಾಗ ಡಬ್ಲ್ಯುಎಲ್‌ಟಿಪಿ ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನದ್ದು ಇದ್ದರೆ ಅದರ ‘ಎಕ್ಸ್‌ಟ್ರಾ ಹೈ’ ಹಂತದ ಅಂಕಿಯನ್ನು ಹುಡುಕಿ. ಆ ಹಂತದಲ್ಲಿ ವೇಗ 131 ಕಿ.ಮೀ.ವರೆಗೂ ಹೋಗುತ್ತದೆ. ಒಟ್ಟು ಸರಾಸರಿಯ ಅಂಕಿ ನಿಮ್ಮ ದಾರಿಗೆ ಸಂಬಂಧಪಟ್ಟದ್ದಲ್ಲ.

ಹೊಚ್ಚಹೊಸದೇ ಆಗಬೇಕೆಂದಿಲ್ಲ. ಮೂರು ನಾಲ್ಕು ವರ್ಷದ್ದು ಸಾಕು. ಮೀಟರಿನಲ್ಲಿ 80,000 ಕಂಡ ಕೂಡಲೇ ಹಿಂದೆ ಸರಿಯಬೇಡಿ. ಹೆದ್ದಾರಿಯಲ್ಲಿ ಓಡಿದ 80,000, ಊರೊಳಗೆ ಒದ್ದಾಡಿದ 40,000ಕ್ಕಿಂತ ಎಂಜಿನ್ನಿಗೂ ಕ್ಲಚ್ಚಿಗೂ ಹಗುರ. ಸರ್ವಿಸ್ ದಾಖಲೆ ಕೇಳಿ. ಎಂಜಿನ್ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ, ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆಂದು ಕೇಳಿ. ಡೀಸೆಲ್ ಆದರೆ ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ ನೋಡಿಸಿ. ಕೆಲವು ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಪಟ್ಟಿ) ಆಯಿಲ್ಲಿನಲ್ಲೇ ಮಿಂದು ತಿರುಗುತ್ತದೆ. ತಪ್ಪು ಆಯಿಲ್ ಹಾಕಿದ್ದರೆ, ಬದಲಿಸುವುದು ತಡವಾಗಿದ್ದರೆ ಬೆಲ್ಟ್ ಉದುರಲು ಶುರುವಾಗುತ್ತದೆ, ಆಮೇಲಿನ ಖರ್ಚು ಸಣ್ಣದಲ್ಲ. ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ: 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು.

ಟೆಸ್ಟ್ ಡ್ರೈವ್ ಅಂದರೆ ಗಲ್ಲಿ ಸುತ್ತಿ ಬರುವುದಲ್ಲ. ಹೆದ್ದಾರಿಗೇ ಹೋಗಿ, ಮೂವರು ಕೂತು, ಎ.ಸಿ. ಹಾಕಿಕೊಂಡು, ಟಾಪ್ ಗೇರಿನಲ್ಲಿ 80ರಿಂದ ವೇಗ ಏರಿಸಿ ನೋಡಿ. ನೂರರಲ್ಲಿ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಲು ಆಗಬೇಕು. ಅರ್ಧ ಗಂಟೆಯಾದ ಮೇಲೆ ಸೊಂಟ ಏನು ಹೇಳುತ್ತದೆ ಕೇಳಿಸಿಕೊಳ್ಳಿ. ಕತ್ತಲಾದ ಮೇಲೂ ಒಮ್ಮೆ ಓಡಿಸಿ, ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆಂದು ಹಗಲು ಗೊತ್ತಾಗುವುದಿಲ್ಲ. ಇಎಸ್‌ಸಿ (ಕಾರು ಜಾರುವಾಗ ತಾನೇ ಬ್ರೇಕ್ ಹಾಕಿ ಹಿಡಿತ ಉಳಿಸುವ ವ್ಯವಸ್ಥೆ) ಇಲ್ಲದ ಕಾರು ಎಷ್ಟು ಅಗ್ಗವಾದರೂ ಬೇಡ.

ಪ್ರಶ್ನೆ: ಇದೇ ಹಳೆಯ ಕಾರಿಗೆ ರೀಮ್ಯಾಪ್ ಮಾಡಿಸಿದರೆ, ಅಂದರೆ ಎಂಜಿನ್ ನಡೆಸುವ ಸಾಫ್ಟ್‌ವೇರ್ ಬದಲಿಸಿದರೆ, ಪವರ್ ಬರುತ್ತದೆ ಎನ್ನುತ್ತಾರೆ. ಅಷ್ಟರಲ್ಲೇ ಮುಗಿಸಬಹುದೇ?

ಉತ್ತರ: ನಿಮ್ಮದು ಟರ್ಬೊ ಇಲ್ಲದ ಎಂಜಿನ್. ಒಳಗೆ ಹೋಗುವ ಗಾಳಿ ಹೆಚ್ಚಾಗದೆ ಬರೀ ಸಾಫ್ಟ್‌ವೇರ್ ಬದಲಿಸಿದರೆ ಸಿಗುವುದು ಶೇ. 5ರ ಆಸುಪಾಸು, ಅದು ಕಾಲಿಗೂ ತಿಳಿಯುವುದಿಲ್ಲ. ಆ ದುಡ್ಡಿನಲ್ಲಿ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಟೈರಿಗೆ ಸರಿಯಾದ ಗಾಳಿ ಹಿಡಿಸಿ. ಮೇಲಿನ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಹೊಸ ಕಾರು ಬರುವವರೆಗೆ ಇಷ್ಟು ಸಾಕು, ಮಾರುವಾಗಲೂ ಕೈ ಬಿಡುವುದಿಲ್ಲ.