ಮೊಬೈಲಿನಲ್ಲಿ ಎಲ್ಲಾ ಹಾಡೂ ಸಿಗುವಾಗ ವಿನೈಲ್ ರೆಕಾರ್ಡ್ ಕೂಡಿಡುವುದರಲ್ಲಿ ಅರ್ಥ ಇದೆಯಾ?

ನೀವು ಕೇಳಿರುವುದು ಎರಡು ಮಾತು. ರೆಕಾರ್ಡಿನ ಧ್ವನಿ ನಿಜವಾಗಿ ಡಿಜಿಟಲ್‌ಗಿಂತ ಚೆನ್ನಾಗಿರುತ್ತದಾ? ಈಗ ಸಂಗ್ರಹ ಶುರು ಮಾಡಿದರೆ ಹಾಕಿದ ದುಡ್ಡು ಸಾರ್ಥಕ ಆಗುತ್ತದಾ? ಬರೀ ಧ್ವನಿಗೋಸ್ಕರ ಆದರೆ ಬೇಡ. ಮೊಬೈಲಿನಲ್ಲಿ ಸಿಗದ ಸಂಗೀತಕ್ಕೋಸ್ಕರ ಆದರೆ ಖಂಡಿತ ಶುರು ಮಾಡಿ. ನಾನು ಹಳೆಯ ಹಿಂದೂಸ್ತಾನಿ ಎಲ್‌ಪಿ (ಹೆಚ್ಚು ಹೊತ್ತು ಓಡುವ ವಿನೈಲ್ ರೆಕಾರ್ಡ್) ಮತ್ತು ಕನ್ನಡದ 78 ಆರ್‌ಪಿಎಂ ಪ್ಲೇಟುಗಳನ್ನು (ಅದಕ್ಕೂ ಮೊದಲಿನ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡ್) ಹುಡುಕಿ ಕೂಡಿಡುವವನು. ನನಗೆ ಅವು ಅಂದರೆ ಪ್ರಾಣ. ಆದರೂ ಈ ಮಾತು ಹೇಳುತ್ತಿದ್ದೇನೆ.

ಮೊದಲು ಧ್ವನಿಯ ಮಾತು. 1982ರಲ್ಲಿ ಬಂದ ಡಿಜಿಟಲ್ ಸಿ.ಡಿ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ (ಸದ್ದಿನ ಅಳತೆ) ಅಂತರ ಹಿಡಿಯುತ್ತದೆ. ಒಳ್ಳೆಯ ಎಲ್‌ಪಿ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇನ್ನೊಂದು ತೊಂದರೆ ರೆಕಾರ್ಡಿನ ಆಕಾರದಲ್ಲೇ ಇದೆ. ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗುತ್ತದೆ. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹಾಗಾಗಿ ಶುರುವಿನಲ್ಲಿ ಪ್ಲೇಯರಿನ ಮುಳ್ಳಿನ ಕೆಳಗೆ ಹಾಡು ಕೊರೆದಿರುವ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹಾದುಹೋಗುತ್ತದೆ. ಕೊನೆಗೆ ಬರುವ ಹೊತ್ತಿಗೆ 20ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅಲ್ಲಿ ತಾರಸ್ವರ ಒಡೆಯುತ್ತದೆ. ಹಿಂದೂಸ್ತಾನಿಯ ಖಯಾಲ್ ಗಾಯನ ಕೇಳುವವರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ಬರುವ ನಿಧಾನದ ವಿಲಂಬಿತ ಹೊರಗಿನ ವಿಶಾಲ ಗೆರೆಗಳಲ್ಲಿ ಆರಾಮವಾಗಿ ಸಾಗುತ್ತದೆ. ಕೊನೆಯ ದ್ರುತ್ (ವೇಗದ) ಲಯದ ಬಿರುಸು ತಾನುಗಳು, ಅಂದರೆ ಸ್ವರಗಳ ಓಟ, ಬಂದು ಬೀಳುವುದು ಒಳಗಿನ ಇಕ್ಕಟ್ಟಿನಲ್ಲಿ.

‘ಅನಲಾಗ್ ಧ್ವನಿಯಲ್ಲಿ (ಅಂದರೆ ಅಂಕಿಗಳಾಗಿ ಬದಲಿಸದೆ ನೇರವಾಗಿ ಗೆರೆಗೆ ಇಳಿಸಿದ ಧ್ವನಿಯಲ್ಲಿ) ಜೀವ ಜಾಸ್ತಿ’ ಅಂತ ಯಾರಾದರೂ ಹೇಳಿದರೆ, ಅವರಿಗೆ 2022ರ ವಿಷಯ ನೆನಪಿಸಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ರೆಕಾರ್ಡುಗಳನ್ನು ಜನ ಶುದ್ಧ ಅನಲಾಗ್ ಅಂತಲೇ ನಂಬಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಅವುಗಳಲ್ಲಿ ಎಷ್ಟೋ ರೆಕಾರ್ಡುಗಳ ತಯಾರಿಯಲ್ಲಿ ನಡುವೆ ಡಿಜಿಟಲ್ ಹಂತ ಇದೆ ಅಂತ ಆ ವರ್ಷ ಹೊರಬಿತ್ತು. ವರ್ಷಗಟ್ಟಲೆ ಆಸೆಯಿಂದ ಕೇಳಿದ ಪಳಗಿದ ಕಿವಿಗಳಿಗೂ ಅದು ತಿಳಿದಿರಲಿಲ್ಲ. ಈಗ ಅಚ್ಚಾಗುವ ಹೊಸ ರೆಕಾರ್ಡುಗಳಲ್ಲಿ ಬಹಳಷ್ಟಕ್ಕೆ ಮೂಲ ಡಿಜಿಟಲ್ ಫೈಲೇ. ಅದೇ ಹಾಡು ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಗೆ ಮೊಬೈಲಿನಲ್ಲಿ ಸಿಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಅದನ್ನೇ ಪ್ಲಾಸ್ಟಿಕ್ಕಿನ ಮೇಲೆ ಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಹಳೆಯ ಪ್ಲೇಟಿನ ಕಥೆ ಬೇರೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ನಿಮಗೆ ಗೊತ್ತಿರಬೇಕು. ಗಂಡುದನಿಯ ಹಾಗೆ ಗಂಭೀರ, ಭಾರ. 1930ರ ದಶಕದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಅವರು ಹಾಡಿದ ಪ್ಲೇಟುಗಳನ್ನು ಕೇಳಿ. ಲೇಬಲ್ ಮೇಲೆ ‘ಗಾಂಧಾರಿ’ ಎಂಬ ಹೆಸರಿರುತ್ತಿತ್ತು. ದನಿ ಎಷ್ಟು ಎಳೆಯದು, ಎಷ್ಟು ಮೇಲಿನದು! ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ದನಿ ಬದಲಾಯಿತು. ಆ ಮೊದಲಿನ ಗಂಗೂಬಾಯಿ ನಮಗೆ ಉಳಿದಿರುವುದು ಮೂರು ಮೂರು ನಿಮಿಷದ ಆ ಪ್ಲೇಟುಗಳಲ್ಲಿ. ಇಂಥವು ಯೂಟ್ಯೂಬಿನಲ್ಲಿ ಸಿಗುತ್ತವಲ್ಲ ಅನ್ನಬಹುದು. ಹೌದು, ಸಿಗುತ್ತವೆ. ಹಾಕಿದವರು ಯಾರು ಅಂತ ನೋಡಿ. ಹೆಚ್ಚಿನ ಕಡೆ ನಿಮ್ಮಂಥ, ನನ್ನಂಥ ಯಾರೋ ಒಬ್ಬರು ಗುಜರಿಗೆ ಹೋಗಬೇಕಿದ್ದ ಪ್ಲೇಟನ್ನು ತಂದು, ತೊಳೆದು, ಕಂಪ್ಯೂಟರಿಗೆ ಏರಿಸಿರುತ್ತಾರೆ. ಕಾಳಿಂಗರಾಯರ ಭಾವಗೀತೆ, ಕಂಪನಿ ನಾಟಕದ ಹಾಡು, ಹರಿಕಥೆ, ಎಲ್ಲಕ್ಕೂ ಈ ಮಾತು ನಿಜ. ಸಂಗ್ರಹ ಮಾಡುವವರು ಇಲ್ಲದಿದ್ದರೆ ಇವುಗಳ ಡಿಜಿಟಲ್ ಪ್ರತಿ ಎಲ್ಲಿಂದ ಬರಬೇಕು?

ಇನ್ನು ಎಲ್‌ಪಿ ಕವರಿನ ಹಿಂಬದಿ. ಯಾವ ರಾಗ, ಯಾವ ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು, ತಂಬೂರಿ ಹಿಡಿದು ಜೊತೆಗೆ ಹಾಡಿದ ಶಿಷ್ಯರು ಯಾರು ಅಂತ ಅಲ್ಲಿ ಬರೆದಿರುತ್ತಾರೆ. ಆ್ಯಪ್‌ಗಳಲ್ಲಿ ಹಾಡಿದವರ ಹೆಸರು ಬಿಟ್ಟರೆ ಎಷ್ಟೋ ಸಲ ಏನೂ ಇರುವುದಿಲ್ಲ. ತಬಲಾದವರ ಹೆಸರೇ ಇಲ್ಲದೆ ಒಂದು ಕಛೇರಿಯನ್ನು ಜನರ ಮುಂದೆ ಇಡುವುದು ಅನ್ಯಾಯ ಅಲ್ವಾ? ಎಲ್‌ಪಿ ಕೊಳ್ಳಲು ನನಗೆ ಇದೊಂದೇ ಕಾರಣ ಸಾಕು.

ಕೈಯಲ್ಲಿ ಪ್ಲೇಟಿದ್ದರೆ ಇನ್ನೊಂದು ಅನುಕೂಲ ಇದೆ. ‘78’ ಅಂದರೂ ತೀರಾ ಹಳೆಯವು ಸರಿಯಾಗಿ 78ರಲ್ಲಿ ಮುದ್ರಣ ಆದವಲ್ಲ. ಕೆಲವು ನಿಧಾನ, ಕೆಲವು ಬೇಗ. ಕಣ್ಮುಚ್ಚಿ 78ರಲ್ಲೇ ಓಡಿಸಿ ಅಂತರ್ಜಾಲಕ್ಕೆ ಹಾಕಿದರೆ ಹಾಡಿದವರ ಶ್ರುತಿಯೇ ಬದಲಾಗುತ್ತದೆ. ಪ್ಲೇಟು ನಮ್ಮ ಬಳಿ ಇದ್ದರೆ ವೇಗ ಹೆಚ್ಚು ಕಡಿಮೆ ಮಾಡಿ, ಮನುಷ್ಯರ ಸಹಜ ದನಿ ಬರುವ ತನಕ ಹುಡುಕಬಹುದು. ಈ ಹುಡುಕಾಟದಲ್ಲಿ ನನಗೆ ಸಿಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ.

ಶುರು ಮಾಡುವುದಾದರೆ ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್ ಕೊಳ್ಳಬೇಡಿ. ಅದರ ಮುಳ್ಳಿನ ಭಾರ ಜಾಸ್ತಿ, ಗೆರೆ ಸವೆಸುತ್ತದೆ. ಭಾರ ಸುಮಾರು 2 ಗ್ರಾಂಗೆ ಹೊಂದಿಸಲು ಬರುವ ಪ್ಲೇಯರ್ ನೋಡಿ. 78 ಪ್ಲೇಟಿಗೆ ಬೇರೆ ಮುಳ್ಳು ಬೇಕು. ಅದರ ಗೆರೆ ಅಗಲ, ಎಲ್‌ಪಿ ಮುಳ್ಳು ಹಾಕಿದರೆ ತಳ ಕೆರೆಯುತ್ತದೆ. ಎಲ್‌ಪಿ ಇರಲಿ, ಪ್ಲೇಟಿರಲಿ, ನೆಟ್ಟಗೆ ನಿಲ್ಲಿಸಿಡಿ. ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡವೇ ಬೇಡ. 78 ಪ್ಲೇಟನ್ನು ಸ್ಪಿರಿಟ್ ಹಾಕಿ ಎಂದೂ ಒರೆಸಬೇಡಿ. ಅದು ಅರಗಿನದು, ಕರಗುತ್ತದೆ. ನೀರಿಗೆ ಒಂದೆರಡು ಹನಿ ಪಾತ್ರೆ ಸೋಪಿನ ದ್ರವ ಬೆರೆಸಿ, ಲೇಬಲ್ಲಿಗೆ ತಾಗದ ಹಾಗೆ ಮೆತ್ತಗೆ ತೊಳೆದು ಒಣಗಿಸಿದರೆ ಸಾಕು.

ಅಂಗಡಿಗೆ ಹೋಗುವ ಮೊದಲು ಊರಿನ ಮನೆಯ ಅಟ್ಟ ನೋಡಿ. ಅಜ್ಜ, ದೊಡ್ಡಪ್ಪ, ಸೋದರಮಾವ ಯಾರ ಬಳಿಯಾದರೂ ಒಂದು ಪೆಟ್ಟಿಗೆ ಇರಬಹುದು. ಕನ್ನಡದ ಪ್ಲೇಟು ಸಿಕ್ಕರೆ ಮೊದಲು ಲೇಬಲ್ಲಿನ ಫೋಟೋ ತೆಗೆಯಿರಿ. ಲೇಬಲ್ ಸುತ್ತ ಕೆತ್ತಿರುವ ನಂಬರನ್ನೂ ಬರೆದುಕೊಳ್ಳಿ. ಪ್ಲೇಟು ಒಡೆದಿದ್ದರೂ ಬಿಸಾಡಬೇಡಿ. ಯಾರು, ಏನು, ಯಾವ ಕಂಪನಿಗೆ ಹಾಡಿದರು ಅನ್ನುವುದು ಆ ಚೂರುಗಳ ಮೇಲೆ ಇನ್ನೂ ಓದಲು ಸಿಗುತ್ತದೆ.