ಪ್ರತಿ ಕೋಣೆಯಲ್ಲೂ ಒಂದು ಗೋಡೆಗೆ ಮಾತ್ರ ಕಡುಬಣ್ಣ ಹೊಡೆಸಿ, ಉಳಿದದ್ದನ್ನು ಸರಳವಾಗಿಟ್ಟರೆ ಮನೆ ಚೆನ್ನಾಗಿ ಕಾಣುತ್ತದೆಯೇ?

ಒಂದು ಗೋಡೆ ಕಡು ಹಸಿರು, ಮೂರು ಬಿಳಿ, ಮುಂದೆ ಬೆತ್ತದ ಕುರ್ಚಿ, ಚಾಪೆ. ಆರು ವರ್ಷದ ಹಿಂದೆ ಪೇಂಟಿಂಗ್ ಮೇಸ್ತ್ರಿಗೆ ನಾನು ಹೇಳಿದ್ದೂ ಅಕ್ಷರಶಃ ಇದನ್ನೇ. ಬೆಂಗಳೂರಿನ ಬನಶಂಕರಿಯಲ್ಲಿ 30×40 ಸೈಟಿನ ಮೂರನೇ ಮಹಡಿ, 16×11 ಅಡಿಯ ಹಾಲ್. ಟಿವಿ ಗೋಡೆಗೆ ಕಪ್ಪಿಗೆ ಒಂದೇ ಹೆಜ್ಜೆ ಈಚೆಗಿರುವ ಹಸಿರು. ಬಣ್ಣ ಇವತ್ತಿಗೂ ನನಗೆ ಇಷ್ಟವೇ. ನಾನು ಕೆಟ್ಟದ್ದು ಫಿನಿಶ್‌ನಲ್ಲಿ, ಅಂದರೆ ಪೇಂಟಿಗೆ ಎಷ್ಟು ಹೊಳಪಿರಬೇಕು ಅನ್ನುವ ಆಯ್ಕೆಯಲ್ಲಿ. ಮಕ್ಕಳಿರುವ ಮನೆ, ಕೈಗುರುತು ಒರೆಸಿದರೆ ಹೋಗಬೇಕು ಅಂತ ಹೊಳಪಿನ ಎಮಲ್ಷನ್ ಆರಿಸಿಕೊಂಡೆ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಶೇಡ್ ಕಾರ್ಡ್ ಮುಂದಿಟ್ಟುಕೊಂಡು ಕೂತಾಗ ಇದು ಯಾರಿಗೂ ಹೊಳೆಯುವುದಿಲ್ಲ. ಹೊಳಪಿನ ಪೇಂಟಿನ ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4% ಭಾಗವನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಬಿಳಿಯಾದರೂ ಅಷ್ಟೇ, ಕಪ್ಪಾದರೂ ಅಷ್ಟೇ. ಬಿಳಿ ಗೋಡೆ 80%ಕ್ಕೂ ಹೆಚ್ಚು ಬೆಳಕನ್ನು ನಾಲ್ಕೂ ದಿಕ್ಕಿಗೆ ಚೆಲ್ಲುವುದರಿಂದ ಆ 4% ಅದರಲ್ಲಿ ಮುಳುಗಿಹೋಗುತ್ತದೆ. ಕಡುಬಣ್ಣದ ಗೋಡೆ ಚೆಲ್ಲುವುದೇ 5–6%, ಹಾಗಾಗಿ ಹೊಳಪು ಎದ್ದು ನಿಲ್ಲುತ್ತದೆ. ಬೆಳಕು ಓರೆಯಾದಷ್ಟೂ ಈ ಕನ್ನಡಿ ಪಾಲು ಏರುತ್ತದೆ. ನನ್ನ ಗೋಡೆಗೆ ಮಗ್ಗುಲಲ್ಲೇ ಪಶ್ಚಿಮದ ಕಿಟಕಿ. ಸಂಜೆ ನಾಲ್ಕೂವರೆಗೆ ಬಿಸಿಲು ಗೋಡೆಯನ್ನು ಸವರಿಕೊಂಡು ಬಂದರೆ ಪುಟ್ಟಿ ಬ್ಲೇಡ್ ಎಳೆದ ಒಂದೊಂದು ಗೆರೆ, ಸ್ವಿಚ್‌ಬೋರ್ಡ್ ಸುತ್ತ ಮೆತ್ತಿದ ಸಿಮೆಂಟಿನ ಉಬ್ಬು, ವೈರಿಂಗ್ ಪೈಪಿಗೆ ಕೊರೆದು ಮುಚ್ಚಿದ ಜಾಗ, ಎಲ್ಲವೂ ಬರೆದಿಟ್ಟ ಹಾಗೆ ಕಾಣುತ್ತಿತ್ತು. ರಾತ್ರಿ ಎದುರು ಗೋಡೆಯ ಟ್ಯೂಬ್‌ಲೈಟ್ ಟಿವಿಯ ಮೇಲ್ಗಡೆ ಮಸುಕು ಬಿಳಿ ಬರೆಯಾಗಿ ಕೂತಿರುತ್ತಿತ್ತು. ಅದೇ ಉಬ್ಬುತಗ್ಗುಗಳು ಹಳೆಯ ಬಿಳಿ ಗೋಡೆಯಲ್ಲೂ ಇದ್ದವು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗತ್ತೆ ಸಾರ್" ಅಂದರು ಮೇಸ್ತ್ರಿ. ಹೊಡೆಸಿದೆ. ಹೊಳಪು ಇನ್ನಷ್ಟು ಒಂದೇ ಸಮವಾಗಿ, ಉಬ್ಬುಗಳು ಇನ್ನಷ್ಟು ಸ್ಪಷ್ಟವಾದವು. ಪೇಂಟಿನ ಪದರ ಕೂದಲೆಳೆಗಿಂತ ತೆಳು, ಅದು ಯಾವ ತಗ್ಗನ್ನೂ ತುಂಬುವುದಿಲ್ಲ. ಕೊನೆಗೆ ಇಡೀ ಗೋಡೆಯನ್ನು ಮತ್ತೆ ಉಜ್ಜಿಸಬೇಕಾಯಿತು, ಕೂಲಿ ಎರಡೆರಡು ಸಲ.

ಸರಿಯಾಗಿ ಮಾಡುವ ಕ್ರಮ ಹೀಗೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಲಾಗಿ ಬಿಡಿ. ನೆರಳು ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಅಷ್ಟಕ್ಕೆ ಮಾತ್ರ ಪುಟ್ಟಿ ತುಂಬಿಸಿ, ಒಣಗಿದ ಮೇಲೆ 180 ನಂಬರ್ ಎಮರಿ ಪೇಪರ್, ನಂತರ 220. ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಬೇಕು. ಬರಿಗೈಯಲ್ಲಿ ಉಜ್ಜಿದರೆ ಬೆರಳು ಒತ್ತಿದ ಕಡೆ ಹೊಸ ತಗ್ಗು ಬೀಳುತ್ತದೆ. ಧೂಳು ಒರೆಸಿ ಪ್ರೈಮರ್, ಅದೂ ಬೂದು ಬಣ್ಣ ಬೆರೆಸಿದ್ದು. ಕಡು ಶೇಡ್‌ಗಳ ಬೇಸ್‌ನಲ್ಲಿ, ಅಂದರೆ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಮುಚ್ಚುವ ಬಿಳಿ ಪಿಗ್ಮೆಂಟ್ ಕಡಿಮೆ, ಬಿಳಿ ಪ್ರೈಮರ್ ಮೇಲೆ ಹೊಡೆದರೆ ನಾಲ್ಕನೇ ಕೋಟ್‌ಗೂ ತೇಪೆ ತೇಪೆಯಾಗಿ ಇಣುಕುತ್ತದೆ. ಆಮೇಲೆ ಹೊಳಪಿಲ್ಲದ ಮ್ಯಾಟ್ ಎಮಲ್ಷನ್, ಮೂರು ಕೋಟ್, ನಡುವೆ ನಾಲ್ಕು ಗಂಟೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಫ್ಯಾನ್ ಆಫ್ ಇರಲಿ. ಫೆಬ್ರವರಿ, ಮಾರ್ಚ್‌ನ ಒಣಗಾಳಿಗೆ ರೋಲರ್‌ನ ಅಂಚು ಬೇಗ ಆರಿ ಅದರ ಮೇಲೆ ಮತ್ತೆ ರೋಲರ್ ಹತ್ತಿದರೆ ಅಲ್ಲೊಂದು ಪಟ್ಟೆ ಉಳಿಯುತ್ತದೆ. ಮೂಲೆಗಳಿಗೆ ಬ್ರಷ್ ಹೊಡೆದ ತಕ್ಷಣ ರೋಲರ್ ಹಿಡಿಯಬೇಕು, ಅರ್ಧ ಗೋಡೆಗೆ ಊಟಕ್ಕೆ ಎದ್ದು ಹೋಗಬಾರದು. 95 ಚದರಡಿಯ ಗೋಡೆಗೆ ಮೂರು ಕೋಟ್ ಅಂದರೆ ಎರಡೂವರೆ ಲೀಟರ್ ಆಸುಪಾಸು. ಒಂದೊಂದೇ ಲೀಟರ್ ಮಿಕ್ಸ್ ಮಾಡಿಸದೆ ಒಂದೇ ಸಲಕ್ಕೆ 4 ಲೀಟರ್ ಡಬ್ಬ ತನ್ನಿ. ಬೇರೆ ಬೇರೆ ದಿನದ ಮಿಕ್ಸ್‌ನಲ್ಲಿ ಶೇಡ್ ಕೂದಲೆಳೆಯಷ್ಟು ಬೇರೆಯಾದರೂ ಕಡುಬಣ್ಣ ಬಚ್ಚಿಡುವುದಿಲ್ಲ.

ಮ್ಯಾಟ್‌ನಲ್ಲಿ ಕೈಗುರುತು ಹೋಗುವುದು ಕಷ್ಟ, ಒತ್ತಿ ಉಜ್ಜಿದರೆ ಆ ಜಾಗ ಮಿರುಗುತ್ತದೆ. ಹಾಗಾಗಿ ಮಕ್ಕಳ ಕೈ ತಾಗುವ ಗೋಡೆಗೆ ಕಡುಬಣ್ಣವೇ ಬೇಡ.

ಈಗ ನಿಮ್ಮ ಪ್ರಶ್ನೆ. ಕೋಣೆಗೊಂದು ಗೋಡೆ ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಮೂರು ಬಿಳಿ ಗೋಡೆಗಳಿಗೆ ಹೊಂದಿಕೊಂಡ ಕಣ್ಣಿಗೆ ನಾಲ್ಕನೆಯದು ಶಾಲೆಯ ಬೋರ್ಡಿನ ಹಾಗೆ ಕಾಣುತ್ತದೆ. ಗತ್ತೂ ಬರುವುದಿಲ್ಲ, ಆರಾಮವೂ ಇರುವುದಿಲ್ಲ. ರಾತ್ರಿ ಹೆಚ್ಚು ಬಳಸುವ ಒಂದು ಸಣ್ಣ ಕೋಣೆಯನ್ನು ಆರಿಸಿ, 10×10ರ ಬೆಡ್‌ರೂಮ್ ಸಾಕು. ನಾಲ್ಕೂ ಗೋಡೆ, ಬಾಗಿಲ ಚೌಕಟ್ಟು, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಸಮೇತ ಒಂದೇ ಕಡುಬಣ್ಣ ಹೊಡೆಸಿ. ಅಂಚುಗಳು ಕಾಣದಾದಾಗ ಕೋಣೆ ಚಿಕ್ಕದು ಅನ್ನಿಸುವುದೂ ನಿಲ್ಲುತ್ತದೆ. ಹಾಲ್ ಪೂರ್ತಿ ಬಿಳಿ ಇರಲಿ, ಅಲ್ಲಿ ಸಾಮಾನು ಕಡಿಮೆ ಮಾಡಿ. ಎರಡನ್ನೂ ಜೋಡಿಸುವುದು ಬಣ್ಣದ ಕೆಲಸವಲ್ಲ, ವಸ್ತುವಿನ ಕೆಲಸ: ಹಾಲ್‌ನ ಪರದೆಗೆ ತಂದ ಕೋರಾ ಬಟ್ಟೆಯನ್ನೇ ಬೆಡ್‌ರೂಮಿಗೂ ಹೊಲಿಸಿ, ಎರಡೂ ಕಡೆ ಅದೇ ತೇಗ, ಅದೇ ಬೆತ್ತ.

ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಗೋಡೆ ಮಂಕು, ಹೊಳಪು ಬೇರೆಡೆ ಅನ್ನುವ ಕ್ರಮ ಆಗಲೇ ಇತ್ತು. ಸುಣ್ಣ ಬಳಿದ ಹೊಳಪಿಲ್ಲದ ಗೋಡೆ, ಕೆಳಗೆ ಮಿರುಗುವ ರೆಡ್ ಆಕ್ಸೈಡ್ ನೆಲ, ಕಪ್ಪಗಾದ ಮರದ ಬಾಗಿಲು. ಇನ್ನೂ ಹತ್ತಿರದಿಂದ ನೋಡಬೇಕಾದರೆ ಒಂದು ಬಿದರಿ ಹೂಜಿಯನ್ನು ಕೈಯಲ್ಲಿ ಹಿಡಿಯಿರಿ. ಸತು, ತಾಮ್ರದ ಮಿಶ್ರಲೋಹವನ್ನು ಬೀದರ್ ಕೋಟೆಯ ಮಣ್ಣು ಸೇರಿಸಿದ ದ್ರಾವಣದಿಂದ ಕಪ್ಪಾಗಿಸುತ್ತಾರೆ, ಬೆಳ್ಳಿ ಎಳೆ ಮಾತ್ರ ಕಪ್ಪಾಗದೆ ಉಳಿಯುತ್ತದೆ. ದೊಡ್ಡ ಜಾಗ ಮಂಕು, ಸಣ್ಣ ಜಾಗ ಹೊಳಪು. ಕಡು ಕೋಣೆಯಲ್ಲೂ ಹೊಳಪು ಹಿತ್ತಾಳೆ ಹಿಡಿಯಲ್ಲಿ, ಒಂದು ಕನ್ನಡಿಯಲ್ಲಿ, ದೀಪದ ಬುಡದಲ್ಲಿ ಇರಲಿ, ಗೋಡೆಯಲ್ಲಿ ಬೇಡ.

ದೀಪದ ವಿಷಯ: 6500 ಕೆಲ್ವಿನ್‌ನ ನೀಲಿಬಿಳಿ ಬೆಳಕಿನ ಟ್ಯೂಬ್ ಇರುವ ತನಕ ಕಡು ಹಸಿರು ಬೂದಿಯ ಹಾಗೇ ಕಾಣುತ್ತದೆ. 2700 ಕೆಲ್ವಿನ್‌ನ ಹಳದಿ ಬೆಳಕಿನ, ಸಿಆರ್‌ಐ (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕೆ ಮೇಲ್ಪಟ್ಟ ಬಲ್ಬ್‌ಗಳು ಬೇಕು, ಸೀಲಿಂಗ್‌ನಲ್ಲಿ ಒಂದರ ಬದಲು ನಾಲ್ಕೈದು ಅಡಿ ಎತ್ತರದಲ್ಲಿ ಮೂರು. ಗೋಡೆ ಬೆಳಕನ್ನು ಕುಡಿದುಬಿಡುವುದರಿಂದ ಓದುವ ಜಾಗಕ್ಕೆ ಒಂದು ದೀಪ ಹತ್ತಿರವೇ ಇರಬೇಕು. ಬೆಂಗಳೂರಿನಲ್ಲಿ ದೀಪದ ಅಂಗಡಿಗಳಿರುವ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದರೆ ಪ್ಯಾಕೆಟ್ ಮೇಲೆ ಕೆಲ್ವಿನ್, ಸಿಆರ್‌ಐ ಎರಡೂ ಸಂಖ್ಯೆ ನೋಡಿಯೇ ಕೊಳ್ಳಿ, 'ವಾರ್ಮ್' ಅನ್ನುವ ಬಾಯಿಮಾತು ಸಾಲದು.

ಇವೆಲ್ಲಕ್ಕೂ ಮೊದಲು, ಕಡುಬಣ್ಣ ಹೊಡೆಸುವ ಗೋಡೆಯ ಹಿಂದೆ ಬಾತ್‌ರೂಮ್ ಇದೆಯೇ ನೋಡಿಕೊಳ್ಳಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಅಂಟಿಸಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ಪೇಂಟ್ ತರಬೇಡಿ, ಮೊದಲು ಸೋರಿಕೆ ನಿಲ್ಲಿಸಿ. ತೇವದ ಜೊತೆ ಬರುವ ಲವಣ ಬಿಳಿ ಗೋಡೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಡು ಹಸಿರಿನ ಮೇಲೆ ಉಪ್ಪು ಎರಚಿದ ಹಾಗೆ ಮೂಡುತ್ತದೆ. ಕೆಲಸ ಮುಗಿದು ಉಳಿದ ಪೇಂಟನ್ನು ಎಸೆಯಬೇಡಿ. ಡಬ್ಬದ ಮೇಲೆ ಶೇಡ್ ನಂಬರ್, ತಾರೀಖು ಬರೆದು ಮುಚ್ಚಳ ಬಿಗಿದಿಡಿ. ಮೊಳೆಯ ತೂತಿಗೆ ಪುಟ್ಟಿ ಹಾಕಿದರೆ ಅದರ ಮೇಲೆ ಒಂದು ಚೂರು ಪ್ರೈಮರ್ ಸವರಿ, ನಂತರ ಈ ಡಬ್ಬದ ಬಣ್ಣ ಹಚ್ಚಿ.